ಕೈಯಿಂದ ತಯಾರಿಸಿದ ಮೊಂಬತ್ತಿ: ಮಾರುವ ಮೊದಲು ಕೊನೆಯವರೆಗೆ ಉರಿಸಿ ನೋಡಿ

ನಮ್ಮ ಚರ್ಚುಗಳಲ್ಲಿ ಮೊಂಬತ್ತಿಯ ಬಳಕೆ ವರ್ಷವಿಡೀ ಇದೆ. ಜನವರಿಯಲ್ಲಿ ಕಾರ್ಕಳ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾದ ವಾರ್ಷಿಕ ಹಬ್ಬಕ್ಕೆ ಬರುವ ಎಲ್ಲ ಧರ್ಮದ ಜನರೂ ಮೊಂಬತ್ತಿ ಹರಕೆ ಒಪ್ಪಿಸುತ್ತಾರೆ. ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದಂದು, ಮೊಂಬತ್ತಿಗಳ ಆಶೀರ್ವಚನ ನಡೆಯುತ್ತದೆ. ಈಸ್ಟರ್ ಜಾಗರಣೆಯ ರಾತ್ರಿ ಪಾಸ್ಖ ಮೊಂಬತ್ತಿಯ ಬೆಳಕು ಒಬ್ಬರ ಕೈಯಿಂದ ಒಬ್ಬರ ಕೈಗೆ ಹರಡುತ್ತದೆ. ನವೆಂಬರ್ 2ರಂದು ಸಮಾಧಿಗಳ ಮೇಲೆ ಸಾಲುಸಾಲಾಗಿ ಹಚ್ಚುತ್ತೇವೆ. ಇವುಗಳ ನಡುವೆ ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದ, ಮದುವೆ, ಮನೆಯ ಆಲ್ತಾರಿನ ಪ್ರಾರ್ಥನೆ ಇದ್ದೇ ಇವೆ.

ಈ ಮೊಂಬತ್ತಿಗಳಲ್ಲಿ ಒಂದು ಪಾಲನ್ನು ಇಂದು ಧರ್ಮಕೇಂದ್ರಗಳ ಮಹಿಳೆಯರು, ಸ್ವಸಹಾಯ ಸಂಘದವರು, ಯುವಜನರು ಮನೆಯಲ್ಲೇ ತಯಾರಿಸುತ್ತಿದ್ದಾರೆ. ಬಂಡವಾಳ ಕಡಿಮೆ, ಕೆಲಸ ಕಲಿಯುವುದು ಸುಲಭ, ಹಬ್ಬದ ಸ್ಟಾಲಿನಲ್ಲಿ ಕೈಗೆ ನಾಲ್ಕು ಕಾಸು ಸಿಗುತ್ತದೆ. ತರಬೇತಿ ಶಿಬಿರಗಳಲ್ಲಿ ಮೇಣ ಕರಗಿಸುವುದು, ಅಚ್ಚಿಗೆ ಹೊಯ್ಯುವುದು, ಬಣ್ಣ ಹಾಕುವುದು ಎಲ್ಲವನ್ನೂ ಕಲಿಸುತ್ತಾರೆ. ಆದರೆ ತಯಾರಾದದ್ದನ್ನು ಪರೀಕ್ಷಿಸುವ ಪಾಠಕ್ಕೆ ಹೆಚ್ಚಾಗಿ ಸಮಯ ಉಳಿಯುವುದಿಲ್ಲ. ಅಚ್ಚಿನಿಂದ ಹೊರಬಂದ ಮೊಂಬತ್ತಿ ನೋಡಲು ಎಷ್ಟು ಚೆನ್ನಾಗಿದ್ದರೂ ಅದರ ಗುಣ ಗೊತ್ತಾಗುವುದು ಉರಿಸಿದಾಗ ಮಾತ್ರ. ಅದೂ ಐದು ನಿಮಿಷ ಹಚ್ಚಿ ಆರಿಸಿದರೆ ಸಾಲದು. ಹೆಚ್ಚಿನ ಅಪಾಯಗಳು ಕಾಣಿಸುವುದು ಕೊನೆಯ ಒಂದು ಇಂಚಿನಲ್ಲಿ.

ಈ ಪರೀಕ್ಷೆಗೆ ಪ್ರಯೋಗಾಲಯ ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಥರ್ಮಾಮೀಟರ್ (ಜ್ವರದ್ದಲ್ಲ, 110 ಡಿಗ್ರಿಯವರೆಗೆ ತೋರಿಸುವಂಥದ್ದು), ಅಳತೆಪಟ್ಟಿ, ಗಡಿಯಾರ ಮತ್ತು ಒಂದು ನೋಟ್ ಪುಸ್ತಕ ಇದ್ದರೆ ಸಾಕು.

ಮೊದಲು ಮೇಣ

ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು ಪ್ಯಾರಾಫಿನ್ ಮೇಣ. ಇದು ಪೆಟ್ರೋಲಿಯಂ ಶುದ್ಧೀಕರಣದಿಂದ ಸಿಗುವ ವಸ್ತು; ಅಸ್ಸಾಮಿನ ದಿಗ್ಬಾಯ್ ಮತ್ತು ನುಮಾಲಿಗಢ ರಿಫೈನರಿಗಳು ಇದನ್ನು ತಯಾರಿಸುತ್ತವೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 4654 ಪ್ಯಾರಾಫಿನ್ ಮೇಣಕ್ಕೆ ಸಂಬಂಧಿಸಿದ ಮಾನದಂಡ. ಖರೀದಿಸುವಾಗ ಕೇಳಬೇಕಾದ ಪ್ರಶ್ನೆ ಎರಡು: ಕರಗುವ ಉಷ್ಣತೆ ಎಷ್ಟು, ಎಣ್ಣೆಯ ಅಂಶ ಎಷ್ಟು. ಎಣ್ಣೆಯ ಅಂಶ ಹೆಚ್ಚಿರುವ ಅಗ್ಗದ ಮೇಣ ಮೆದುವಾಗಿರುತ್ತದೆ, ಬೇಸಿಗೆಯಲ್ಲಿ ಬೆವರುತ್ತದೆ, ಉರಿಯುವಾಗ ಹೊಗೆ ಕಾರುತ್ತದೆ. ಸ್ವಲ್ಪ ಮೇಣ ತುರಿದು ಪತ್ರಿಕೆಯ ಹಾಳೆಯಲ್ಲಿ ಬಿಗಿಯಾಗಿ ಮಡಚಿ, ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯಲ್ಲಿ ಎಣ್ಣೆಯ ಕಲೆ ಢಾಳಾಗಿ ಕಂಡರೆ ಆ ಮೇಣದ ಬಗ್ಗೆ ಎಚ್ಚರವಿರಲಿ.

ಕರಗುವ ಉಷ್ಣತೆಯನ್ನು ಮನೆಯಲ್ಲೇ ಅಳೆಯಬಹುದು. ಕರಗಿಸಿದ ಮೇಣವನ್ನು ಸಣ್ಣ ಲೋಟಕ್ಕೆ ಹಾಕಿ ಥರ್ಮಾಮೀಟರ್ ಇಳಿಬಿಡಿ. ನಿಧಾನವಾಗಿ ಕಲಕುತ್ತಾ ಅರ್ಧ ಅರ್ಧ ನಿಮಿಷಕ್ಕೆ ಉಷ್ಣತೆ ಬರೆದುಕೊಳ್ಳಿ. ಇಳಿಯುತ್ತಿದ್ದ ಅಂಕಿ ಒಂದು ಕಡೆ ಬಂದು ಸ್ವಲ್ಪ ಹೊತ್ತು ನಿಂತುಬಿಡುತ್ತದೆ. ಮೇಣ ಗಟ್ಟಿಯಾಗತೊಡಗುವ ಉಷ್ಣತೆ ಅದೇ. 58ರಿಂದ 60 ಡಿಗ್ರಿ ಸೆಲ್ಸಿಯಸ್ ಎಂದು ಹೇಳಿ ಕೊಟ್ಟ ಮೇಣ 50ರ ಆಸುಪಾಸಿನಲ್ಲಿ ನಿಂತರೆ ನಿಮಗೆ ಬೇರೆ ಮಾಲು ಬಂದಿದೆ ಎಂದರ್ಥ. ಶುದ್ಧ ಜೇನುಮೇಣ 62ರಿಂದ 64 ಡಿಗ್ರಿಯ ನಡುವೆ ಕರಗುತ್ತದೆ. ಜೇನುಮೇಣದ ಬೆಲೆ ಹೆಚ್ಚು, ಹಾಗಾಗಿ ಪ್ಯಾರಾಫಿನ್ ಬೆರೆಸುವ ಆಸೆಯೂ ಹೆಚ್ಚು; ಬೆರಕೆಯಿದ್ದಲ್ಲಿ ಹಲವು ಬಾರಿ ಈ ಅಂಕಿ ಕೆಳಗಿಳಿದಿರುತ್ತದೆ. ಜೇನುಮೇಣದ ಬತ್ತಿಯ ಮೇಲೆ ಕೆಲವು ವಾರಗಳ ನಂತರ ಬಿಳಿ ಪುಡಿಯಂಥದ್ದು ಕಂಡರೆ ಅದು ದೋಷವಲ್ಲ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಸೋಯಾ ಮೇಣದಿಂದ ಹೊಗೆಯೇ ಬರುವುದಿಲ್ಲ ಎಂಬ ಪ್ರಚಾರವಿದೆ. ಇದನ್ನು ನಂಬಬೇಕಾಗಿಲ್ಲ. ಬತ್ತಿ ಹೊಂದದಿದ್ದರೆ ಯಾವ ಮೇಣವೂ ಮಸಿ ಬಿಡುತ್ತದೆ.

ಇನ್ನು ಕರಾವಳಿಯ ಸಮಸ್ಯೆ ಎರಡು: ಮಳೆ ಮತ್ತು ಬೇಸಿಗೆ. ಮಳೆಗಾಲದಲ್ಲಿ ಅಚ್ಚು, ಬತ್ತಿ, ಮೇಣದ ಹಲಗೆ ಎಲ್ಲವೂ ತೇವ ಹಿಡಿದಿರುತ್ತವೆ. ಹನಿ ನೀರು ಒಳಗೆ ಉಳಿದರೂ ಉರಿಯುವಾಗ ಚಟಪಟ ಸಿಡಿಯುತ್ತದೆ, ಇಲ್ಲವೇ ಬತ್ತಿ ನಡುವೆಯೇ ಆರಿಹೋಗುತ್ತದೆ. ಬತ್ತಿಯ ಸುರುಳಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಅಚ್ಚನ್ನು ಒರೆಸಿ ಬಿಸಿಲು ಅಥವಾ ಒಲೆಯ ಬದಿಯಲ್ಲಿ ಒಣಗಿಸಿ. ಬೇಸಿಗೆಗೆ ಬೇರೆ ಪರೀಕ್ಷೆ ಇದೆ. ಉದ್ದ ಮೊಂಬತ್ತಿಯ ಬುಡವನ್ನು ಮೇಜಿನ ಅಂಚಿನಲ್ಲಿ ಭಾರದಡಿ ಇಟ್ಟು, ಉಳಿದ ಭಾಗ ಗಾಳಿಯಲ್ಲಿ ಚಾಚಿರುವಂತೆ ಮಾಡಿ, ಹಂಚಿನ ಮಾಡಿನ ಕೆಳಗಿನ ಬಿಸಿ ಕೋಣೆಯಲ್ಲಿ ಮಧ್ಯಾಹ್ನವಿಡೀ ಬಿಡಿ. ಸಂಜೆ ಬಗ್ಗಿದ್ದರೆ ಆ ಮೊಂಬತ್ತಿ ಏಪ್ರಿಲ್ ತಿಂಗಳಲ್ಲಿ ಅಂಗಡಿಯ ಕಪಾಟಿನಲ್ಲೂ ಬಗ್ಗುತ್ತದೆ. ಸ್ಟೀರಿಕ್ ಆಮ್ಲದ ಪ್ರಮಾಣ ಸ್ವಲ್ಪ ಹೆಚ್ಚಿಸಿದರೆ ಗಟ್ಟಿತನ ಬರುತ್ತದೆ. ಶೇಕಡಾ 10ರ ಆಸುಪಾಸು ಸಾಮಾನ್ಯ ರೂಢಿ. ತಾಮ್ರದ ಪಾತ್ರೆ ಮಾತ್ರ ಬೇಡ, ಸ್ಟೀರಿಕ್ ಆಮ್ಲ ತಾಮ್ರದೊಡನೆ ಸೇರಿ ಮೇಣ ಹಸಿರಾಗುತ್ತದೆ.

ಮೇಣ ಕರಗಿಸುವಾಗಿನ ಸುರಕ್ಷತೆಯ ಬಗ್ಗೆ ಒಂದು ಮಾತು. ಮೇಣದ ಪಾತ್ರೆಯನ್ನು ನೇರವಾಗಿ ಗ್ಯಾಸ್ ಮೇಲಿಡದೆ ನೀರಿರುವ ದೊಡ್ಡ ಪಾತ್ರೆಯೊಳಗೆ ಇಡಬೇಕು. ನೀರು 100 ಡಿಗ್ರಿಗಿಂತ ಮೇಲೆ ಹೋಗದು, ಹಾಗಾಗಿ ಮೇಣವೂ ಅದನ್ನು ದಾಟದು. ನೀರು ಆರದಂತೆ ನೋಡಿಕೊಂಡರಾಯಿತು. ನೇರ ಬೆಂಕಿಯಲ್ಲಿ ಬಿಟ್ಟರೆ ಮೇಣ 200 ಡಿಗ್ರಿಯ ಕಡೆಗೆ ಏರಿ ಅದರ ಆವಿಗೇ ಬೆಂಕಿ ಹಿಡಿಯುತ್ತದೆ. ಹಾಗೆ ಹಿಡಿದರೆ ಗ್ಯಾಸ್ ಆಫ್ ಮಾಡಿ ಪಾತ್ರೆಗೆ ಮುಚ್ಚಳ ಹಾಕಿ. ನೀರು ಹಾಕಲೇಬಾರದು. ನೀರು ಕ್ಷಣದಲ್ಲಿ ಹಬೆಯಾಗಿ ಉರಿಯುವ ಮೇಣವನ್ನು ಮಾಡಿನವರೆಗೆ ಎರಚುತ್ತದೆ. ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಓಡುವುದೂ ಅಷ್ಟೇ ಅಪಾಯ.

ಬತ್ತಿಯೇ ಮುಖ್ಯ

ಮೊಂಬತ್ತಿಯ ದೋಷಗಳಲ್ಲಿ ಹೆಚ್ಚಿನವು ಬತ್ತಿಯಿಂದಲೇ ಬರುತ್ತವೆ. ಬತ್ತಿ ದಪ್ಪವಾದರೆ ಜ್ವಾಲೆ ಎತ್ತರವಾಗಿ ತುದಿ ಕಂಪಿಸುತ್ತದೆ, ಮಸಿ ಏಳುತ್ತದೆ, ಬತ್ತಿಯ ತಲೆಯಲ್ಲಿ ಅಣಬೆಯಂಥ ಕರಿ ಗಂಟು ಕಟ್ಟುತ್ತದೆ. ಸಪೂರವಾದರೆ ಜ್ವಾಲೆ ಸಣ್ಣದಾಗಿ, ನಡುವೆ ಬಾವಿ ತೋಡಿದಂತೆ ಇಳಿದು, ಕೊನೆಗೆ ಕರಗಿದ ಮೇಣದಲ್ಲಿ ಮುಳುಗಿ ಆರುತ್ತದೆ. ಮೊಂಬತ್ತಿಯ ಅಗಲ ಬದಲಾದರೆ ಬತ್ತಿಯೂ ಬದಲಾಗಬೇಕು. ಮೇಣ ಬದಲಾದರೂ, ಬಣ್ಣ ಅಥವಾ ಸುಗಂಧ ಸೇರಿಸಿದರೂ ಹಾಗೆಯೇ. ಕಳೆದ ವರ್ಷ ಹೊಂದಿದ ಬತ್ತಿ ಈ ವರ್ಷದ ಮೇಣಕ್ಕೆ ಹೊಂದುತ್ತದೆ ಎಂದು ತಿಳಿದುಕೊಳ್ಳಬಾರದು.

ಒಳ್ಳೆಯ ಬತ್ತಿಯನ್ನು ಹತ್ತಿ ನೂಲಿನಿಂದ ಹೆಣೆದು, ಲವಣಗಳ ದ್ರಾವಣದಲ್ಲಿ ಅದ್ದಿ ಒಣಗಿಸಿರುತ್ತಾರೆ. ಉರಿಯುವಾಗ ಅದರ ತುದಿ ಒಂದು ಬದಿಗೆ ಬಾಗಿ, ಜ್ವಾಲೆಯ ಅಂಚಿನಲ್ಲಿ ತಾನೇ ಸುಟ್ಟು ಗಿಡ್ಡವಾಗುತ್ತದೆ. ಆರಿಸಿದ ನಂತರ ಕೆಂಡ ಬೇಗ ತಣ್ಣಗಾಗುತ್ತದೆ. ಹೊಲಿಗೆಯ ದಾರ, ಪ್ಯಾಕಿಂಗ್ ಹುರಿ ಇತ್ಯಾದಿಗಳಿಗೆ ಈ ಗುಣವಿಲ್ಲ. ನೈಲಾನ್ ಬೆರೆತ ದಾರವಂತೂ ಕರಗಿ ಉಂಡೆಯಾಗುತ್ತದೆ.

ಬತ್ತಿಯ ಒಳಗೆ ಲೋಹದ ತಂತಿ ಇದ್ದರೆ ಅದು ಸೀಸ ಅಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಸೀಸದ ಹೊಗೆ ಮಕ್ಕಳ ಮಿದುಳಿಗೆ ಹಾನಿಕರ. ಅಮೆರಿಕದಲ್ಲಿ 2003ರಿಂದ ಇಂಥ ಬತ್ತಿಗಳ ಮೇಲೆ ನಿಷೇಧವಿದೆ. ನೂಲನ್ನು ಬಿಡಿಸಿ ತಂತಿಯ ತುದಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿದರೆ, ಸೀಸವಾಗಿದ್ದಲ್ಲಿ ಪೆನ್ಸಿಲಿನಂತೆ ಬೂದು ಗೆರೆ ಮೂಡುತ್ತದೆ. ಗೆರೆ ಮೂಡಿದರೆ ಆ ಬತ್ತಿ ಬೇಡ.

ಬಣ್ಣಕ್ಕಾಗಿ ಮಕ್ಕಳ ಕ್ರೇಯಾನ್ ಕರಗಿಸಿ ಹಾಕುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದರ ಬಣ್ಣದ ಪುಡಿ ಮೇಣದಲ್ಲಿ ಕರಗದೆ ಬತ್ತಿಯ ನೂಲಿನಲ್ಲಿ ಸಿಕ್ಕಿಕೊಂಡು ಮೇಣ ಮೇಲೇರದಂತೆ ತಡೆಯುತ್ತದೆ. ಮೇಣದಲ್ಲಿ ಕರಗುವ ಬಣ್ಣವನ್ನೇ ಕೊಳ್ಳಬೇಕು. ಸುಗಂಧದ ಎಣ್ಣೆಯೂ ಮೊಂಬತ್ತಿಗೆಂದೇ ತಯಾರಾದದ್ದಿರಲಿ, ಮಾರುವವರು ಹೇಳಿದ ಪ್ರಮಾಣ ಮೀರದಿರಲಿ. ಮೇಲ್ಮೈಯಲ್ಲಿ ಎಣ್ಣೆಯ ಹನಿ ನಿಂತಿದ್ದರೆ ಅದು ಮೊದಲು ಬೆಂಕಿ ಹಿಡಿಯುವ ಜಾಗ.

ಉರಿಸುವ ಪರೀಕ್ಷೆ

ಹೊಸ ವಿಧಾನದಲ್ಲಿ ಮಾಡಿದ್ದಾದರೆ ಕನಿಷ್ಠ ಮೂರು ಮೊಂಬತ್ತಿಗಳನ್ನು, ಹಳೆಯ ವಿಧಾನವೇ ಆದರೆ ಪ್ರತಿ ಹೊಯ್ತಕ್ಕೆ ಒಂದನ್ನು ಪರೀಕ್ಷೆಗಾಗಿ ತೆಗೆದಿಡಿ. ಚೆನ್ನಾಗಿ ಕಾಣುವುದನ್ನು ಆರಿಸಬಾರದು, ಕಣ್ಣುಮುಚ್ಚಿ ತೆಗೆಯಬೇಕು. ಹೊಯ್ದ ಮರುದಿನ ಅಥವಾ ಇನ್ನೂ ತಡವಾಗಿ ಪರೀಕ್ಷಿಸುವುದು ಒಳ್ಳೆಯದು.

ಬತ್ತಿಯನ್ನು 5-6 ಮಿಲಿಮೀಟರ್ ಉಳಿಯುವಂತೆ ಕತ್ತರಿಸಿ, ಮೊಂಬತ್ತಿಯನ್ನು ತೂಗಿ, ತೂಕ ಬರೆದುಕೊಳ್ಳಿ. ಸ್ಟೀಲ್ ತಟ್ಟೆಯಲ್ಲಿಟ್ಟು ಫ್ಯಾನ್ ಆರಿಸಿದ ಕೋಣೆಯಲ್ಲಿ ಹಚ್ಚಿ. ಪರದೆ, ಕ್ಯಾಲೆಂಡರ್, ಬಟ್ಟೆ ಹತ್ತಿರ ಇರಬಾರದು. ಕೋಣೆಯಲ್ಲಿ ಒಬ್ಬರು ಇರಲೇಬೇಕು. ನಾಲ್ಕು ಗಂಟೆ ಉರಿಸಿ, ಆರಿಸಿ, ಪೂರ್ತಿ ತಣಿದ ಮೇಲೆ ಪುನಃ ತೂಗಿ, ಬತ್ತಿ ಕತ್ತರಿಸಿ, ಮತ್ತೆ ನಾಲ್ಕು ಗಂಟೆ. ಹೀಗೆ ಮುಗಿಯುವವರೆಗೆ. ದೊಡ್ಡ ಮೊಂಬತ್ತಿಗೆ ಇದು ವಾರ ಹಿಡಿದರೂ ಆಶ್ಚರ್ಯವಿಲ್ಲ. ರೋಜರಿ ಪ್ರಾರ್ಥನೆ, ಊಟದ ಹೊತ್ತಿಗೆ ಹಚ್ಚಿಟ್ಟರೆ ಬೇರೆ ಸಮಯ ಬೇಕಾಗುವುದಿಲ್ಲ.

ಗಂಟೆಗೊಮ್ಮೆ ಜ್ವಾಲೆಯ ಎತ್ತರ ಅಳೆಯಿರಿ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್ 2417 ಎಂಬ ಅಗ್ನಿಸುರಕ್ಷತಾ ಮಾನದಂಡ ಸಾಮಾನ್ಯ ಮೊಂಬತ್ತಿಯ ಜ್ವಾಲೆ 75 ಮಿಲಿಮೀಟರ್ ಮೀರಬಾರದೆನ್ನುತ್ತದೆ. ಯೂರೋಪಿನಲ್ಲಿ ಇದೇ ವಿಷಯಕ್ಕೆ ಇಎನ್ 15493, ಮಸಿಯ ಪರೀಕ್ಷೆಗೆ ಇಎನ್ 15426 ಎಂಬ ಮಾನದಂಡಗಳಿವೆ. 75 ಎನ್ನುವುದು ಗಡಿ ಮಾತ್ರ. ಮನೆಯ ಮೊಂಬತ್ತಿಗೆ ಒಂದೂವರೆ ಇಂಚಿನ ಸ್ಥಿರ ಜ್ವಾಲೆ ಧಾರಾಳವಾಯಿತು. ಕರಗಿದ ಮೇಣದ ಮೇಲ್ಮೈಯಲ್ಲಿ ಬತ್ತಿಯ ಹೊರತು ಬೇರೆಲ್ಲಾದರೂ ಉರಿ ಕಾಣಿಸಿಕೊಂಡರೆ ಆ ವಿಧಾನವನ್ನೇ ಕೈಬಿಡಬೇಕು. ಮೇಣದ ಕೊಳಕ್ಕೆ ಬಿದ್ದ ಬೆಂಕಿಕಡ್ಡಿಯ ತುಂಡು ಅಥವಾ ಕತ್ತರಿಸಿದ ಬತ್ತಿಯ ಚೂರು ಎರಡನೇ ಬತ್ತಿಯಾಗಿ ಹೊತ್ತಿಕೊಳ್ಳುವುದುಂಟು. ಸ್ಟ್ಯಾಂಡಿನಲ್ಲಿ ಉಳಿದ ತುಂಡುಗಳನ್ನು ಕರಗಿಸಿ ಮರುಬಳಸುವವರು ಇದಕ್ಕಾಗಿಯೇ ಮೇಣವನ್ನು ಎರಡು ಬಾರಿ ಬಟ್ಟೆಯಲ್ಲಿ ಸೋಸಬೇಕು.

ಮಸಿ ನೋಡಲು ಜ್ವಾಲೆಯ ಒಂದು ಅಡಿ ಮೇಲೆ ಗಾಜಿನ ತುಂಡನ್ನು ಒಂದು ಗಂಟೆ ಹಿಡಿದಿರುವ ವ್ಯವಸ್ಥೆ ಮಾಡಿ, ನಂತರ ಬಿಳಿ ಕಾಗದದ ಮೇಲಿಟ್ಟು ನೋಡಿ. ಎರಡು ಬತ್ತಿಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಇದು ಚೆನ್ನಾಗಿ ಆಗುತ್ತದೆ. ಚರ್ಚಿನ ಗೋಡೆಗೆ ವರ್ಷ ವರ್ಷ ಬಣ್ಣ ಹೊಡೆಸುವ ಧರ್ಮಗುರುಗಳಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ.

ತೂಕದ ಲೆಕ್ಕದಿಂದ ಉರಿಯುವ ಅವಧಿ ಸಿಗುತ್ತದೆ. 150 ಗ್ರಾಂ ಮೊಂಬತ್ತಿ ನಾಲ್ಕು ಗಂಟೆಯ ನಂತರ 126 ಗ್ರಾಂ ಆಗಿದ್ದರೆ ಗಂಟೆಗೆ 6 ಗ್ರಾಂ ಖರ್ಚು, ಒಟ್ಟು ಸುಮಾರು 25 ಗಂಟೆ. ಕೊನೆಯಲ್ಲಿ ಉರಿಯದೆ ಉಳಿದ ಮೇಣವನ್ನು ಕಳೆಯಬೇಕು. ಗಿರಾಕಿ ಕೇಳುವ ಮೊದಲ ಪ್ರಶ್ನೆ ಇದೇ ಆದ್ದರಿಂದ ಅಂದಾಜಿನಲ್ಲಿ ಹೇಳುವ ಬದಲು ಅಳೆದು ಹೇಳುವುದು ಲೇಸು. ಮೂರು ಮೊಂಬತ್ತಿಗಳ ಲೆಕ್ಕದಲ್ಲಿ ತುಂಬಾ ವ್ಯತ್ಯಾಸ ಬಂದರೆ ಬತ್ತಿ ನಡುವಿನಲ್ಲಿ ನಿಂತಿಲ್ಲ, ಇಲ್ಲವೇ ಒಳಗೆ ಗಾಳಿಯ ಗುಳ್ಳೆ ಇದೆ.

ನೆಲದಲ್ಲಿ ನಿಲ್ಲುವ ಮೊಂಬತ್ತಿಗೆ ಬೀಳುವ ಪರೀಕ್ಷೆಯೂ ಬೇಕು. ಅದೇ ಅಮೆರಿಕದ ಮಾನದಂಡದ ಪ್ರಕಾರ 10 ಡಿಗ್ರಿ ಓರೆಯಲ್ಲಿ ಮೊಂಬತ್ತಿ ಬೀಳಬಾರದು. 2 ಅಡಿ ಉದ್ದದ ಹಲಗೆಯ ಒಂದು ತುದಿಯನ್ನು ನಾಲ್ಕು ಇಂಚಿಗಿಂತ ತುಸು ಹೆಚ್ಚು ಎತ್ತಿದರೆ ಈ ಓರೆ ಸಿಗುತ್ತದೆ. ಹಚ್ಚದ ಮೊಂಬತ್ತಿಯನ್ನು ಅದರ ಮೇಲಿಟ್ಟು ನಾಲ್ಕೂ ಕಡೆ ತಿರುಗಿಸಿ ನೋಡಿ.

ಗಾಜಿನ ಲೋಟದ ಮೊಂಬತ್ತಿ

ಹಳೆ ಜಾಮ್ ಬಾಟಲಿ, ಜ್ಯೂಸ್ ಲೋಟಗಳಿಗೆ ಮೇಣ ಹೊಯ್ದು ಮಾರುವುದು ಈಗ ಜನಪ್ರಿಯ. ನೋಡಲು ಚಂದ, ಆದರೆ ಪರೀಕ್ಷೆಯಲ್ಲಿ ಹೆಚ್ಚು ಸೋಲುವುದು ಇವೇ. ಲೋಟ ಬುಡದವರೆಗೆ ಉರಿದಾಗ ಜ್ವಾಲೆಯ ಬಿಸಿ ನೇರ ಗಾಜಿಗೆ ತಾಗಿ ಬಿರುಕು ಬಿಡಬಹುದು. ಹಾಗೆ ಒಡೆದರೆ ಕುದಿ ಮೇಣ, ಬೆಂಕಿ ಎರಡೂ ಮೇಜುಬಟ್ಟೆಗೆ ಬರುತ್ತವೆ. ಬತ್ತಿಯ ಬುಡಕ್ಕೆ ಲೋಹದ ಬಿಲ್ಲೆ ಇರಲಿ, ಅದರ ಕೊಳವೆ ತುಸು ಎತ್ತರವಿರಲಿ. ಆಗ ಮೇಣ ಪೂರ್ತಿ ಮುಗಿಯುವ ಮೊದಲೇ ಜ್ವಾಲೆ ತಾನಾಗಿ ಆರುತ್ತದೆ. ಒಂದು ಸೆಂಟಿಮೀಟರ್ ಮೇಣ ಉಳಿದಾಗ ಆರಿಸಿ ಎಂದು ಚೀಟಿಯಲ್ಲಿ ಬರೆಯಿರಿ, ಆದರೆ ಪರೀಕ್ಷೆಯಲ್ಲಿ ನೀವು ಕೊನೆಯವರೆಗೂ ಉರಿಸಿ, ಏಕೆಂದರೆ ಗಿರಾಕಿ ಚೀಟಿ ಓದುತ್ತಾನೆ ಎಂಬ ಖಾತರಿ ಇಲ್ಲ. ಗೆರೆ ಬಿದ್ದ ಲೋಟ, ಕುತ್ತಿಗೆ ಸಪೂರವಾದ ಬಾಟಲಿ, ಪ್ಲಾಸ್ಟಿಕ್ ಮತ್ತು ಮರದ ಪಾತ್ರೆ ಬೇಡ. ತೆಂಗಿನ ಗೆರಟೆಯೂ ಮರವೇ, ಅಲಂಕಾರಕ್ಕೆ ಎಷ್ಟೇ ಒಪ್ಪಿದರೂ.

ರಿಬ್ಬನ್, ಲೇಸು, ಪ್ಲಾಸ್ಟಿಕ್ ಹೂ

ದೀಕ್ಷಾಸ್ನಾನ ಮತ್ತು ಪ್ರಥಮ ಪರಮಪ್ರಸಾದದ ಮೊಂಬತ್ತಿಗಳ ವಿಷಯದಲ್ಲಿ ನಾವು ಹೆಚ್ಚು ಎಚ್ಚರ ವಹಿಸಬೇಕು. ಇವು ಸಂಘದವರಿಗೆ ಹೆಚ್ಚು ಲಾಭ ತರುವ ಮಾಲು, ಏಕೆಂದರೆ ಬೆಲೆ ಇರುವುದು ಅಲಂಕಾರಕ್ಕೆ. ಸ್ಯಾಟಿನ್ ರಿಬ್ಬನ್, ನೆಟ್ ಬಟ್ಟೆ, ಥರ್ಮಾಕೋಲ್ ಮಣಿ, ಚಿನ್ನದ ಬಣ್ಣದ ಸ್ಪ್ರೇ, ಕೆಲವೊಮ್ಮೆ ಜ್ವಾಲೆಯಿಂದ ಎರಡೇ ಇಂಚು ಕೆಳಗಿನವರೆಗೆ ಹೂವು. ಇದನ್ನು ಹಿಡಿಯುವುದು ಎಂಟೊಂಬತ್ತು ವರ್ಷದ ಮಗು. ಹೆಣ್ಣುಮಗುವಾದರೆ ತಲೆಯ ಮೇಲೆ ನೆಟ್ ಶಿರವಸ್ತ್ರ, ತುಂಬು ತೋಳಿನ ಅಂಗಿ. ಹಿಂದಿನ ಸಾಲಿನಲ್ಲಿ ಇನ್ನೊಂದು ಮಗು, ಅದರ ಕೈಯಲ್ಲೂ ಉರಿಯುವ ಮೊಂಬತ್ತಿ.

ಹಾಗಾಗಿ ಅಲಂಕರಿಸಿದ ಒಂದು ಮೊಂಬತ್ತಿಯನ್ನು ಅಲಂಕಾರದ ಸಮೇತ ಅಂಗಳದಲ್ಲಿ ಮರಳಿನ ಮೇಲಿಟ್ಟು, ಜ್ವಾಲೆ ಅಲಂಕಾರಕ್ಕೆ ಇಳಿಯುವವರೆಗೆ ಉರಿಸಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಸಿದ್ಧವಿರಲಿ. ನೆಟ್ ಮತ್ತು ಥರ್ಮಾಕೋಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತವೆ ಎಂದು ಒಮ್ಮೆ ಕಂಡವರು ಮೇಲಿನ ಭಾಗಕ್ಕೆ ಅವನ್ನು ಕಟ್ಟಲಾರರು. ಅಲಂಕಾರವು ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಇದ್ದು, ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಸ್ಪ್ರೇ ಪೈಂಟ್ ಬದಲು ಬಣ್ಣದ ಮೇಣದ ಹಾಳೆಯಿಂದ ಶಿಲುಬೆ, ದ್ರಾಕ್ಷಿಗೊಂಚಲು ಕತ್ತರಿಸಿ ಅಂಟಿಸಿದರೆ ಅದು ಮೊಂಬತ್ತಿಯ ಜೊತೆಗೇ ಕರಗುತ್ತದೆ. ತಾಯಂದಿರು ರಿಬ್ಬನ್ ಕೇಳುತ್ತಾರೆ ಎಂಬುದು ನಿಜ. ಬುಡದಲ್ಲಿ ಕಟ್ಟಿ ಕೊಡಿ.

ಈಸ್ಟರ್ ಜಾಗರಣೆಯ ಕೈಮೊಂಬತ್ತಿಗೆ ಬೇರೆಯೇ ಪರೀಕ್ಷೆ. ಕಾಗದದ ತಡೆಯೊಳಗೆ ತೂರಿಸಿ, ಕೈಯಲ್ಲಿ ಹಿಡಿದು, ಮುಕ್ಕಾಲು ಗಂಟೆ ಉರಿಸಿ. ಒಂದು ಹನಿಯೂ ಬೆರಳಿಗೆ ಬರಬಾರದು. ಪ್ಲಾಸ್ಟಿಕ್ ಕಪ್ಪಿನ ತಡೆ ಬೇಡ, ಕರಗುತ್ತದೆ. ಬೆಳಕು ಪಡೆಯುವಾಗ ಉರಿಯುವ ಮೊಂಬತ್ತಿ ನೆಟ್ಟಗಿರಬೇಕು, ಹಚ್ಚದಿರುವುದನ್ನು ಬಾಗಿಸಬೇಕು. ಇದನ್ನು ವಿಧಿ ಆರಂಭವಾಗುವ ಮೊದಲು ಮೈಕಿನಲ್ಲಿ ಹೇಳಿದರೆ ಪೀಠಗಳ ಮೇಲಿನ ಮೇಣ ಕೆರೆಯುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಬಿಸಿ ಮೇಣ ಚರ್ಮಕ್ಕೆ ಬಿದ್ದು ಸುಟ್ಟರೆ ಹರಿಯುವ ನಲ್ಲಿ ನೀರಿನಡಿ 20 ನಿಮಿಷ ಹಿಡಿಯಬೇಕು. ಅಂಟಿದ ಮೇಣವನ್ನು ಕಿತ್ತು ತೆಗೆಯಬಾರದು. ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಗುಳ್ಳೆ ಎದ್ದರೆ, ಅಥವಾ ಮುಖ, ಕಣ್ಣಿನ ಸಮೀಪ ಆಗಿದ್ದರೆ ವೈದ್ಯರಿಗೆ ತೋರಿಸಬೇಕು.

ಪಾಸ್ಖ ಮೊಂಬತ್ತಿ ತಯಾರಿಸಲು ಒಪ್ಪಿಕೊಂಡವರು ಒಂದು ವಿಷಯ ತಿಳಿದಿರಬೇಕು. 1988ರಲ್ಲಿ ವ್ಯಾಟಿಕನ್ ಹೊರಡಿಸಿದ ಈಸ್ಟರ್ ಆಚರಣೆಯ ಸುತ್ತೋಲೆಯ ಪ್ರಕಾರ ಅದು ನಿಜವಾದ ಮೇಣದ್ದೇ ಆಗಿರಬೇಕು, ಪ್ರತಿ ವರ್ಷ ಹೊಸತಾಗಿರಬೇಕು. ಈಸ್ಟರ್ ಕಾಲದ 50 ದಿನಗಳು, ನಂತರ ವರ್ಷವಿಡೀ ದೀಕ್ಷಾಸ್ನಾನ ಮತ್ತು ಅಂತ್ಯಕ್ರಿಯೆಗಳು, ಇಷ್ಟಕ್ಕೂ ಅದು ಬರಬೇಕು. ಇಷ್ಟು ದಪ್ಪದ ಮೊಂಬತ್ತಿಯಲ್ಲಿ ನಡುವೆ ಬಾವಿ ಬೀಳುವುದೇ ದೊಡ್ಡ ತೊಂದರೆ. ಅದೇ ಅಗಲದ, ಅರ್ಧ ಅಡಿ ಎತ್ತರದ ತುಂಡೊಂದನ್ನು ಮೊದಲು ಹೊಯ್ದು ಬತ್ತಿ ಪರೀಕ್ಷಿಸಿದ ಮೇಲೆಯೇ ದೊಡ್ಡದಕ್ಕೆ ಕೈ ಹಾಕಬೇಕು.

ಇಡುವ ಜಾಗ

ಮಾನದಂಡಗಳ ಪರೀಕ್ಷೆಗಳೆಲ್ಲ ಗಾಳಿಯಿಲ್ಲದ ಕೋಣೆಯಲ್ಲಿ ನಡೆಯುವಂಥವು. ನಮ್ಮ ಚರ್ಚುಗಳಲ್ಲಿ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಲು ಹೇಳಿದರೆ ಯಾರೂ ಒಪ್ಪರು. ಅದಕ್ಕಾಗಿ ಪ್ರತ್ಯೇಕವಾಗಿ ಫ್ಯಾನಿನಡಿಯೂ ಒಂದನ್ನು ಉರಿಸಿ ನೋಡುವುದು ಅಗತ್ಯ. ಜ್ವಾಲೆ ಒಂದೇ ಬದಿಗೆ ವಾಲಿ, ಆ ಬದಿಯ ಗೋಡೆ ಕರಗಿ, ಮೇಣ ಹೊರಗೆ ಹರಿಯುತ್ತದೆ. ಬಲಿಪೀಠದ ಮೊಂಬತ್ತಿಗೆ ಲೋಹದ ಅಥವಾ ಗಾಜಿನ ಟೊಪ್ಪಿ ಹಾಕುವುದು ಇದಕ್ಕೇ. ಬಲಿಪೀಠದ ಹೂಗುಚ್ಛ ಫ್ಯಾನಿನ ಗಾಳಿಗೆ ಜ್ವಾಲೆ ವಾಲುವ ದಿಕ್ಕಿನಲ್ಲಿ ಇರಬಾರದು.

ಹರಕೆಯ ಸ್ಟ್ಯಾಂಡಿನಲ್ಲಿ ನೂರಾರು ಮೊಂಬತ್ತಿ ಒಟ್ಟಿಗೆ ಉರಿಯುವಾಗ ಒಂದರ ಬಿಸಿಗೆ ಇನ್ನೊಂದು ಮೆದುವಾಗಿ ಬಾಗುತ್ತದೆ. ಕೆಳಗಿನ ತಟ್ಟೆಯಲ್ಲಿ ಸೇರಿದ ಮೇಣ ಕಾದು ಒಟ್ಟಾಗಿ ಹೊತ್ತಿಕೊಂಡರೆ ಅದು ಮೊಂಬತ್ತಿಯ ಉರಿಯಲ್ಲ, ಎಣ್ಣೆಯ ಬೆಂಕಿ. ತಟ್ಟೆಯಲ್ಲಿ ಒಣ ಮರಳು ಹಾಕಿ, ಹಬ್ಬದ ದಿನ ಆಗಾಗ ಮೇಣ ತೆಗೆಯಲು ಸ್ವಯಂಸೇವಕರನ್ನು ನೇಮಿಸಿ. ಸ್ಟ್ಯಾಂಡಿನ ಮೇಲೆ ಶಾಮಿಯಾನದ ಬಟ್ಟೆ ಕಟ್ಟಬೇಡಿ.

ನವೆಂಬರ್ 2ರ ಹೊತ್ತಿಗೆ ಮಳೆ ಹಿಂದೆ ಸರಿದು ಸಮಾಧಿಗಳ ನಡುವಿನ ಹುಲ್ಲು ಒಣಗಲು ಆರಂಭವಾಗಿರುತ್ತದೆ. ಹುಲ್ಲು ಕತ್ತರಿಸಿದ ಮೇಲೂ ರಾಶಿ ಅಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ಈ ದಿನಕ್ಕಾಗಿ ಮಾಡುವ ಮೊಂಬತ್ತಿ ಗಿಡ್ಡ, ಅಗಲ ಬುಡದ್ದಾಗಿರಲಿ. ಅಂಗಳದ ಸಂಜೆಗಾಳಿಯಲ್ಲಿ, ಪ್ಲಾಸ್ಟಿಕ್ ಹಾರದಿಂದ ಒಂದು ಗೇಣು ದೂರವಿಟ್ಟು, ಮೊದಲೇ ಉರಿಸಿ ನೋಡಿ.

ಚೀಟಿ

ಪ್ಯಾಕ್ ಮಾಡಿ ಮಾರುವ ಮಾಲಿಗೆ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಯಾರಿಸಿದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಇವೆಲ್ಲ ಇರಬೇಕು. ಜೊತೆಗೆ ಮೂರು ಎಚ್ಚರಿಕೆಗಳು ಸಾಕು: ಉರಿಯುವಾಗ ಬಿಟ್ಟು ಹೋಗಬೇಡಿ, ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡಿ, ಹೊತ್ತಿಕೊಳ್ಳುವ ವಸ್ತುಗಳ ಬಳಿ ಇಡಬೇಡಿ. ಕನ್ನಡ ಅಥವಾ ಕೊಂಕಣಿಯಲ್ಲಿ, ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ. ಮೂಲೆಯಲ್ಲಿ ಹೊಯ್ತದ ಸಂಖ್ಯೆ ಬರೆಯಿರಿ, ನೋಟ್ ಪುಸ್ತಕದಲ್ಲೂ ಅದೇ ಸಂಖ್ಯೆಯ ಎದುರು ಮೇಣ, ಬತ್ತಿ, ಪರೀಕ್ಷೆಯ ತೂಕಗಳನ್ನು ದಾಖಲಿಸಿ. ಒಂದು ಮೊಂಬತ್ತಿಯ ಬಗ್ಗೆ ದೂರು ಬಂದರೆ ಅದೇ ಹೊಯ್ತದ ಉಳಿದವು ಯಾವ ಅಂಗಡಿಯಲ್ಲಿ, ಯಾವ ಸ್ಟಾಲಿನಲ್ಲಿವೆ ಎಂದು ಆ ಸಂಖ್ಯೆಯಿಂದ ಹುಡುಕಿ ಹಿಂದಕ್ಕೆ ತರಿಸಬಹುದು.